ಸ್ವಲ್ಪ ಹಿಡೀರಿ

ಗರ್ಭಪಾತ ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಶಾಶ್ವತವಾಗಿ ಬಗೆಹರಿಸಿದವನು ನಾನು. ಪಾರ್ಲಿಮೆಂಟು ಅರವತ್ತು ವರ್ಷ ತಲೆ ಚಚ್ಚಿಕೊಂಡರೂ ಆಗದ್ದನ್ನು ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ನಲವತ್ತರಿಂದ ಹತ್ತೂವರೆಯೊಳಗೆ, ಒಂದು ಬಸ್ ಸ್ಟಾಪಿನಲ್ಲಿ ನಿಂತು, ಒಂದು ಡಬ್ಬಿ ಶೇಂಗಾ ಉಂಡೆಯ ಬಲದಿಂದ ಮುಗಿಸಿಬಿಟ್ಟೆ. ಎರಡೂ ಪಕ್ಷದವರು ನನ್ನ ಎರಡು ಹೆಗಲ ಮೇಲೆ ತಲೆಯಿಟ್ಟು ಅತ್ತರು. ಕೆಂಪು ಬಸ್ಸೊಂದು ನನ್ನ ಮಾತು ಕೇಳುವುದಕ್ಕೆಂದೇ ಎಂಜಿನ್ ಆರಿಸಿ ನಿಂತಿತು. ಮೇಲಿನ ಮಹಡಿಯವರು ಗಾಜಿಗೆ ಕಿವಿ ಹಚ್ಚಿ ಕೂತರು. ಪತ್ರಿಕೆಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳಬೇಡಿ. ನಾನು ಮಾಡಿದ ಯಾವ ದೊಡ್ಡ ಕೆಲಸವೂ ಈವರೆಗೆ ಪತ್ರಿಕೆಯಲ್ಲಿ ಬಂದಿಲ್ಲ, ಅದು ನನಗೆ ರೂಢಿಯಾಗಿದೆ.

ನಾನು ಸಿದ್ದಲಿಂಗಪ್ಪ. ಊರು ಧಾರವಾಡ, ಇಪ್ಪತ್ತಾರು ವರ್ಷದಿಂದ ಲಂಡನ್ನಿನ ಹ್ಯಾರೋ. ಪಾರ್ಕ್ ರಾಯಲ್ಲಿನ ಒಂದು ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ನಿಮಿಷಕ್ಕೆ ನಾಲ್ಕುನೂರು ಚಪಾತಿ ಓಡುತ್ತವೆ, ಅವು ದುಂಡಗಿರುವ ಜವಾಬ್ದಾರಿ ನನ್ನದು. ನನ್ನ ಕಣ್ಣು ತಪ್ಪಿಸಿದ ಸೊಟ್ಟ ಚಪಾತಿ ಈ ದ್ವೀಪದಲ್ಲಿಲ್ಲ. ಮಾತಿನಲ್ಲಂತೂ ನನ್ನನ್ನು ಮೀರಿಸಿದವನು ಹುಟ್ಟಬೇಕಷ್ಟೇ. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ಇದೆ: ಇಪ್ಪತ್ತು ವರ್ಷದ ನಾನು, ತುಂಬುತೋಳಿನ ಅಂಗಿ, ಎದೆಗವಚಿ ಹಿಡಿದ ಅಂತರಕಾಲೇಜು ಚರ್ಚಾಸ್ಪರ್ಧೆಯ ಬೆಳ್ಳಿ ಫಲಕ. ಮನೆಗೆ ಬಂದವರೆಲ್ಲ ಅದರ ಕೆಳಗೆ ಕೂತೇ ಚಹಾ ಕುಡಿಯಬೇಕು. ಹೆಂಡತಿ ನೀಲವ್ವ ಮಾತ್ರ ಅದಕ್ಕೆ ಬೆನ್ನು ಮಾಡಿ ಕೂರುತ್ತಾಳೆ. ಸೊಂಟನೋವಂತೆ, ಆ ಕುರ್ಚಿಯೇ ಅನುಕೂಲವಂತೆ.

ಆ ಗುರುವಾರ ನಾನು ಕಾರು ಓಡಿಸುತ್ತಿದ್ದೆ, ಪಕ್ಕದಲ್ಲಿ ಮಗಳು ಸೌಂದರ್ಯಾ. ಮೂವತ್ತೊಂದು ವರ್ಷ, ಸಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಅಲ್ಲಿಯೇ ಫ್ಲಾಟು. ಹಿಂದಿನ ಭಾನುವಾರ ಬಂದವಳು, ರಿಸೈಕ್ಲಿಂಗ್ ಡಬ್ಬ ತೋರಿಸು ಬಾ ಎಂದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹಸಿರು ಡಬ್ಬಕ್ಕೂ ನೀಲಿ ಡಬ್ಬಕ್ಕೂ ನಡುವೆ ನಿಂತು ಹೇಳಿದ್ದಳು: "ಅಪ್ಪ, ನಾ ಪರ್ಮಿಷನ್ ಕೇಳ್ತಿಲ್ಲ. ಇಟ್ಸ್ ಡಿಸೈಡೆಡ್. ಗುರುವಾರ ಕ್ಲಿನಿಕ್ಕಿಗೆ ನೀ ಬರಬೇಕು, ದ್ಯಾಟ್ಸ್ ಆಲ್." "ಅವ್ವ?" ಅಂದೆ. "ಅವ್ವಗ ನಾನೇ ಹೇಳ್ತೀನಿ. ಆಮ್ಯಾಲೆ." ಯಾಕೆ, ಯಾರು, ಎಂದು ನಾನು ಒಂದು ಶಬ್ದ ಕೇಳಲಿಲ್ಲ. ಇಂಥ ವಿಶಾಲ ಹೃದಯದ ತಂದೆ ಇಡೀ ಮೆಟ್ರೊಪಾಲಿಟನ್ ರೈಲು ಲೈನಿನಲ್ಲಿ ಹುಡುಕಿದರೂ ಸಿಗಲಾರ. ಆದರೆ ಗುರುವಾರ ಪ್ರತಿಯೊಂದು ಕೆಂಪು ಸಿಗ್ನಲ್ಲಿಗೂ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು, ಹಸಿರಾದ ಕೂಡಲೇ ಗೇರಿನ ಜೊತೆ ಅದನ್ನು ಒಳಗೆ ತಳ್ಳುತ್ತಿದ್ದೆ. ಅವಳು ಹೊರಗೆ ನೋಡುತ್ತಿದ್ದಳು. ಆರನೆಯ ತರಗತಿಯಲ್ಲಿ ಹಲ್ಲು ಕೀಳಿಸಲು ಒಯ್ದಾಗಲೂ ಹೀಗೆಯೇ ಕಿಟಕಿಯ ಕಡೆ ನೋಡುತ್ತ, ಕೈ ಮಾತ್ರ ನನ್ನ ಕೋಟಿನ ಜೇಬಿನಲ್ಲಿಟ್ಟು ಕೂತಿದ್ದಳು. ಈಗ ಅವಳ ಕೈ ಅವಳದೇ ಜೇಬಿನಲ್ಲಿತ್ತು.

ಕ್ಲಿನಿಕ್ಕಿನ ಬಾಗಿಲಲ್ಲಿ ಇಳಿಯುವಾಗ ಆರ್ಡರು ಕೊಟ್ಟಳು. "ಲಿಸನ್. ಕಾರ್ ಪಾರ್ಕ್ ಮಾಡು, ಮ್ಯಾಲೆ ಬಾ, ಫಸ್ಟ್ ಫ್ಲೋರ್. ಹತ್ತೂಕಾಲರೊಳಗ ನೀ ಸೈನ್ ಮಾಡಬೇಕು. ಜೊತಿಗೆ ಯಾರರ ಇದ್ರ ಅಷ್ಟೇ ಸೆಡೇಷನ್ ಕೊಡ್ತಾರ. ಇಲ್ಲಂದ್ರ ನಾ ಎಚ್ಚರ ಇರಬೇಕಾಗ್ತದ. ತಿಳೀತಾ?" ತಿಳಿಯಿತು, ನಾನೇನು ಕೂಸೇ ಎಂದೆ. ಅವಳು ಬಾಗಿಲು ಮುಚ್ಚಿ, ಮತ್ತೆ ತೆರೆದು, ತಲೆ ಒಳಗೆ ಹಾಕಿದಳು. "ಅಂಡ್ ಅಪ್ಪ, ಡೋಂಟ್ ಮೇಕ್ ಫ್ರೆಂಡ್ಸ್."

ಆಗ ಒಂಬತ್ತು ಮೂವತ್ತೈದು. ಲಂಡನ್ನಿನಲ್ಲಿ ಕಾರು ನಿಲ್ಲಿಸುವ ಕಲೆಯಲ್ಲಿ ನನಗೆ ಸರಿಸಾಟಿಯಿಲ್ಲ, ನಾನು ಒಮ್ಮೆ ವೆಂಬ್ಲಿಯಲ್ಲಿ ಫೈನಲ್ ಮ್ಯಾಚಿನ ದಿನ ಕಣ್ಣು ಮುಚ್ಚಿಕೊಂಡು ಕಾರು ನಿಲ್ಲಿಸಿದವನು; ಆದರೂ ಆ ಬೀದಿಯಲ್ಲೆಲ್ಲ ಕೌನ್ಸಿಲ್ಲಿನವರು ನಿವಾಸಿಗಳಿಗೆ ಮಾತ್ರ ಎಂದು ಬರೆದಿದ್ದರು. ಕೊನೆಗೆ ಜಾಗ ಸಿಕ್ಕಿದ್ದು ಬೀದಿ ಮುಗಿದು ದೊಡ್ಡ ರಸ್ತೆ ಸೇರುವ ತಿರುವಿನಲ್ಲಿ, ಬಸ್ ಸ್ಟಾಪಿನ ಹತ್ತಿರ. ಅಲ್ಲಿ ಗರ್ಭಪಾತದ ವಿರೋಧಿಗಳು ನಿಂತಿದ್ದರು. ಕ್ಲಿನಿಕ್ಕಿನ ಸುತ್ತ ನೂರೈವತ್ತು ಮೀಟರಿನೊಳಗೆ ಯಾರೂ ಬಂದವರನ್ನು ತಡೆಯುವಂತಿಲ್ಲ, ಕರಪತ್ರ ಕೊಡುವಂತಿಲ್ಲ ಎಂದು ಕಾನೂನು ಬಂದ ಮೇಲೆ, ಬಸ್ ಸ್ಟಾಪಿನ ಬೆಂಚು ಅವರ ಗಡಿಯಾಗಿತ್ತು. ನನ್ನ ಕಣ್ಣಳತೆಯಲ್ಲಿ ಬೆಂಚಿನ ಎಡಗಾಲು ನಿಷೇಧದೊಳಗೆ, ಬಲಗಾಲು ಸ್ವತಂತ್ರ ಇಂಗ್ಲೆಂಡಿನಲ್ಲಿತ್ತು. ಐದಾರು ಜನ, ಎಲ್ಲರೂ ನಿವೃತ್ತರಾದ ಹೆಡ್‌ಮಾಸ್ತರರ ಹಾಗೆ ಬಟ್ಟೆ ತೊಟ್ಟವರು. ರಸ್ತೆಯ ಆಚೆ ಬದಿಗೆ ಅವರಿಗೆ ಎದುರಾಗಿ ಒಬ್ಬಳೇ ಹುಡುಗಿ, ನೇರಳೆ ಕೂದಲು, ಕೈಯಲ್ಲಿ ಸಾಸ್‌ಪ್ಯಾನ್ ಮತ್ತು ಸೌಟು. "ನನ್ನ ದೇಹ, ನನ್ನ ತೀರ್ಮಾನ" ಎಂದು ಕೂಗಿ ಅದನ್ನು ಬಾರಿಸುವಳು. ನಡುನಡುವೆ ಕೈ ನೋಯುತ್ತಿತ್ತೇನೋ, ಸಾಸ್‌ಪ್ಯಾನನ್ನು ಕಂಕುಳಲ್ಲಿಟ್ಟು ಬೆರಳು ಉಜ್ಜಿಕೊಳ್ಳುವಳು.

ನಾನು ಅವರನ್ನು ದಾಟಿ ನಡೆಯುತ್ತಿದ್ದೆ, ಶೇಂಗಾ ಉಂಡೆಯ ಸ್ಟೀಲ್ ಡಬ್ಬಿ ಕೈಯಲ್ಲಿ, ನೀಲವ್ವನಿಗೆ ಗೊತ್ತಾಗದಂತೆ ಅಡಿಗೆಮನೆಯಿಂದ ಎತ್ತಿದ್ದು, ಎಲ್ಲ ಮುಗಿದ ಮೇಲೆ ಮಗಳಿಗೆ ಬಾಯಿಗೇನಾದರೂ ಬೇಕಲ್ಲ ಎಂದು. ಹಸಿರು ಉಲ್ಲನ್ ಟೋಪಿಯ ಒಬ್ಬ ಮುದುಕಿ, ಹೆಸರು ಡೋರೀನ್ ಎಂದು ಆಮೇಲೆ ತಿಳಿಯಿತು, ನನ್ನ ಕಡೆ ತಿರುಗಿ, "ಒಂದು ನಿಮಿಷ ಇದನ್ನು ಹಿಡಿಯುತ್ತೀರಾ ಡಿಯರ್? ನನ್ನ ಕೈಗವಸು ಎಲ್ಲೋ ಬಿತ್ತು," ಎಂದಳು. ಹಿಡಿದೆ. ಇದನ್ನು ಇಂಗ್ಲಿಷರಿಗೆ ವಿವರಿಸಲು ಸಾಧ್ಯವಿಲ್ಲ, ನಿಮಗೆ ವಿವರಿಸಬೇಕಾಗಿಲ್ಲ. ಹುಬ್ಬಳ್ಳಿ ಧಾರವಾಡದ ಬಸ್ಸಿನಲ್ಲಿ ಕೂತವನ ತೊಡೆ ಅವನ ಸ್ವಂತದ್ದಲ್ಲ. ನಿಂತವರು "ಸ್ವಲ್ಪ ಹಿಡೀರಿ" ಎಂದು ಕೊಟ್ಟದ್ದನ್ನೆಲ್ಲ ಹಿಡಿಯಬೇಕು; ಚೀಲ, ಛತ್ರಿ, ಬದನೆಕಾಯಿ, ಒಮ್ಮೆ ನವಲೂರಿನ ಹತ್ತಿರ ಜೀವಂತ ಕೋಳಿ, ಇನ್ನೊಮ್ಮೆ ನಿದ್ದೆ ಹೋದ ಮೂರು ತಿಂಗಳ ಕೂಸು. ಒಳಗೇನಿದೆ ಎಂದು ಕೇಳುವುದಿಲ್ಲ. ಅವರು ಇಳಿಯುವವರೆಗೆ ಅಲುಗುವುದಿಲ್ಲ. ನಿಮ್ಮ ಸ್ಟಾಪು ಬಂದರೆ ಹೇಳಬಹುದು, ಆದರೆ ಯಾರೂ ಹೇಳುವುದಿಲ್ಲ. ನಾನೇ ಎಷ್ಟೋ ಸಲ ಇನ್ನೊಬ್ಬರ ಚೀಲದ ಮುಲಾಜಿಗೆ ಒಂದು ಸ್ಟಾಪು ಮುಂದೆ ಹೋಗಿ ಇಳಿದಿದ್ದೇನೆ. ಹಾಗೆ ಹಿಡಿದೆ. ಅದೊಂದು ಕೋಲಿಗೆ ಮೊಳೆ ಹೊಡೆದ ಹಲಗೆ ಎಂದು ಕೈಗೆ ತಿಳಿಯಿತೇ ಹೊರತು ಅದರ ಮೇಲೇನು ಬರೆದಿದೆ ಎಂಬುದು ತಿಳಿಯಲಿಲ್ಲ. ಕನ್ನಡಕ ಕಾರಿನಲ್ಲೇ ಉಳಿದಿತ್ತು. ಇದನ್ನು ನೆನಪಿಡಿ.

ಡೋರೀನ್ ಕೈಗವಸು ಹುಡುಕುತ್ತ ಬೆಂಚಿನ ಕೆಳಗೆ, ಕಸದ ಡಬ್ಬದ ಹಿಂದೆ, ದೂರದ ಪೋಸ್ಟ್ ಬಾಕ್ಸಿನವರೆಗೆ ಹೋದಳು. ಅಷ್ಟರಲ್ಲಿ ಚರ್ಚೆ ಶುರುವಾಯಿತು. ಯಾರು ಶುರುಮಾಡಿದರು ಎಂಬುದು ಮುಖ್ಯವಲ್ಲ. ನೇರಳೆ ಹುಡುಗಿ ರಸ್ತೆ ದಾಟಿ ಬಂದು, ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದಳು. ಡೋರೀನಳ ಸಂಗಡಿಗನೊಬ್ಬ ಅವಳಿಗೆ ಏನೋ ಅಂದ. ನಾನು ನಡುವೆ ಹಲಗೆ ಹಿಡಿದು ನಿಂತಿದ್ದೆ, ಸಹಜವಾಗಿಯೇ ಅಧ್ಯಕ್ಷಸ್ಥಾನ ನನಗೆ ಬಂತು. ಇಪ್ಪತ್ತು ನಿಮಿಷ ಮಾತಾಡಿದೆ. ಎಂಥ ಇಂಗ್ಲಿಷು! ನನ್ನ ಬಾಯಿಂದ ಅಂಥ ಇಂಗ್ಲಿಷು ಹಿಂದೆ ಬಂದಿರಲಿಲ್ಲ, ಮುಂದೆ ಬರಲಾರದು. ಜೀವ ದೊಡ್ಡದು ಎಂದೆ, ಆ ಕಡೆಯವರು ತಲೆಯಾಡಿಸಿದರು. ಜೀವ ಹೊರುವವಳು ಅದಕ್ಕಿಂತ ದೊಡ್ಡವಳು ಎಂದೆ, ಈ ಕಡೆಯವಳು ಸಾಸ್‌ಪ್ಯಾನ್ ಬಾರಿಸಿದಳು. ಡಬ್ಬಿ ತೆರೆದು ಎಲ್ಲರಿಗೂ ಒಂದೊಂದು ಉಂಡೆ ಕೊಟ್ಟೆ. ಬೆಲ್ಲ ಬಾಯಿಗೆ ಅಂಟಿ ಯಾರಿಗೂ ಮಾತು ಹೊರಡಲಿಲ್ಲ, ಅಲ್ಲಿಗೆ ವಾದ ನಿಂತಿತು. ನಡುವೆ ನಮ್ಮ ಹ್ಯಾರೋ ಕನ್ನಡ ಬಳಗದ ಕಾರ್ಯದರ್ಶಿ, ಮೈಸೂರಿನ ಕೃಷ್ಣಪ್ರಸಾದ, ಡೆಂಟಿಸ್ಟಿನ ಹತ್ತಿರ ಹೊರಟವನು ಬಸ್ಸಿಳಿದು ಆ ದಾರಿಯಲ್ಲಿ ಹೋದ. ಕೈ ಬೀಸಿದ, ನಾನೂ ಬೀಸಿದೆ. ಅಷ್ಟೇ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಆಗ ಜೇಬಿನಲ್ಲಿ ಫೋನು ನಡುಗಿತು. ಸೌಂದರ್ಯಾ ಅಲ್ಲ, ಕ್ಲಿನಿಕ್ಕಿನ ನಂಬರು. ಅದು ಮೊದಲ ಸಲ ನಡುಗಿದ್ದೋ ಮೂರನೆಯ ಸಲವೋ, ಸಾಸ್‌ಪ್ಯಾನಿನ ಗದ್ದಲದಲ್ಲಿ ಯಾರಿಗೆ ಗೊತ್ತು. ನಾನು ಓಡಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ ಜಿಂಕೆಯ ಹಾಗೆ ಓಡಿದೆ. ಹತ್ತು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಡೋರೀನಳ ಕೂಗು: "ಸರ್! ವಲಯ! ವಲಯದೊಳಗಿದ್ದೀರಿ! ನನ್ನ ಬೋರ್ಡು!" ಹಲಗೆ ಇನ್ನೂ ನನ್ನ ಕೈಯಲ್ಲಿತ್ತು. ಆ ಕಾನೂನುಭೀರು ಮುದುಕಿ ಗೆರೆಯಾಚೆ ಒಂದು ಕಾಲೆತ್ತಿ, ಒಳಗಿಡಲಾರದೆ, ಒಂದೇ ಕೈಗವಸಿನ ಕೈ ಬೀಸುತ್ತಿದ್ದಳು. ಬೇರೆ ಯಾರಾದರೂ ಅದನ್ನು ಎಸೆದು ಓಡುತ್ತಿದ್ದರು. ಆದರೆ ಒಬ್ಬರು ನಂಬಿ ಹಿಡಿಯಲು ಕೊಟ್ಟದ್ದನ್ನು ಧಾರವಾಡದವನು ಬೀದಿಯಲ್ಲಿ ಎಸೆಯುತ್ತಾನೆಯೇ? ತಿರುಗಿ ಬಂದು, ಅವಳ ಕೈಗೇ ಕೊಟ್ಟು, ಥ್ಯಾಂಕ್ಯೂ ಹೇಳಿಸಿಕೊಂಡು, ಮತ್ತೆ ಓಡಿದೆ. ಮೊದಲ ಮಹಡಿ ಮುಟ್ಟಿದಾಗ ಹತ್ತು ಮೂವತ್ತೆರಡು. ಹದಿನೇಳು ನಿಮಿಷ ತಡ. ಈ ದೇಶದ ರೈಲುಗಳ ಲೆಕ್ಕದಲ್ಲಿ ಅದು ತಡವೇ ಅಲ್ಲ. ರಿಸೆಪ್ಷನ್ನಿನವಳು, "ಅವರು ಒಳಗೆ ಹೋಗಿ ಆಯಿತು, ಕೂತುಕೊಳ್ಳಿ," ಎಂದಳು. ಕೂತೆ. ಗೋಡೆಯ ಮೇಲೆ ಒಂದು ಮೀನಿನ ಚಿತ್ರವಿತ್ತು. ಒಂದು ತಾಸು ನೋಡಿದೆ; ಆ ಮೀನಿನ ಹುರುಪೆ ಹುರುಪೆಯನ್ನೂ ಈಗ ಬರೆದು ತೋರಿಸಬಲ್ಲೆ.

ಅವಳು ತನ್ನ ಕಾಲಿನಿಂದ ನಡೆದೇ ಹೊರಗೆ ಬಂದಳು. ನಾನು ತೋಳು ಚಾಚಿದರೆ, "ಐ ಕ್ಯಾನ್ ವಾಕ್," ಎಂದಳು. ಮುಖ ಬಿಳುಚಿತ್ತು, ಕೆಳತುಟಿಯ ಮೇಲೆ ಹಲ್ಲಿನ ಗುರುತು. ಕಾರಿನಲ್ಲಿ ಕೂರಿಸಿ, ಹೀಟರು ಹಚ್ಚಿ, ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಸುಮ್ಮನಿದ್ದರೆ ಆ ಹದಿನೇಳು ನಿಮಿಷ ಕಾರಿನೊಳಗೆ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತದೆ ಎನಿಸಿತು. ಆದ್ದರಿಂದ ಎಲ್ಲವನ್ನೂ ಹೇಳಿದೆ, ನಿಮಗೆ ಹೇಳಿದ ಹಾಗೆಯೇ: ಕೈಗವಸು, ಕಾರಿನಲ್ಲುಳಿದ ಕನ್ನಡಕ, ಇಪ್ಪತ್ತು ನಿಮಿಷದ ಭಾಷಣ, ಉಂಡೆ, ಅತ್ತವರು, ನಿಂತ ಬಸ್ಸು. ಬಸ್ಸನ್ನು ಅಲ್ಲಿಯೇ ಸೇರಿಸಿದೆ, ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿದಂತೆ ಕಂಡದ್ದರಿಂದ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಾರು ಇನ್ನೂ ಹೊರಟಿರಲಿಲ್ಲ.

ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ನನ್ನ ಫೋನು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಒಂದೇ ಸಮನೆ, ಹಂಚಿನ ಮೇಲೆ ಸಾಸಿವೆ ಸಿಡಿದಂತೆ. ಅವಳು ಕಣ್ಣು ತೆರೆದಳು. ಬಳಗದ ವಾಟ್ಸಾಪ್ ಗುಂಪು, ಇನ್ನೂರ ಹದಿನಾಲ್ಕು ಜನ. ಕೃಷ್ಣಪ್ರಸಾದ ಒಂದು ಫೋಟೋ ಹಾಕಿದ್ದ. ಅವಳಿಗೆ ಕನ್ನಡ ಓದುವುದು ನಿಧಾನ, ಅಕ್ಷರದ ಮೇಲೆ ಬೆರಳಿಟ್ಟು, ಸಣ್ಣವಳಿದ್ದಾಗ ಶನಿವಾರದ ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹಾಗೆ, ಗಟ್ಟಿಯಾಗಿ ಓದಿದಳು: "ನಮ್ಮ... ಸಿದ್ದಲಿಂಗಪ್ಪ ಸಾರ್... ಜೀವರಕ್ಷಣೆಗಾಗಿ... ಬೀದಿಗಿಳಿದಿದ್ದಾರೆ. ಕನ್ನಡಿಗರ ಹೆಮ್ಮೆ." ಕೆಳಗೆ ಮೂವತ್ತೆಂಟು ಹೆಬ್ಬೆರಳು, ಕೈಮುಗಿದ ಚಿತ್ರಗಳು. ನೀಲವ್ವ ಒಂದು ಗುಲಾಬಿ ಹಾಕಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಹಾಕಿದ ಮೊದಲ ಗುಲಾಬಿ.

ಸೌಂದರ್ಯಾ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದಳು. ಹಲಗೆ ಹಿಗ್ಗಿತು: "ಪ್ರತಿಯೊಂದು ಮಗುವೂ ಒಂದು ವರ" ಎಂದು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಎರಡು ಪುಟ್ಟ ಪಾದ. ಅದರ ಹಿಂದಿನಿಂದ ನನ್ನ ಮುಖ ಹಿಗ್ಗಿತು.

"ಅಪ್ಪ," ಎಂದಳು. "ಕನ್ನಡಕ."

ನಾನು ಹೀಟರಿನ ಗುಂಡಿ ತಿರುವಿದೆ.

"ಮೂಗಿನ ಮ್ಯಾಲೆ ಐತಿ." ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ, ನನ್ನವ್ವನ ಧಾಟಿಯಲ್ಲಿ ಹೇಳಿದಳು. "ಅಂಡ್ ಯು ಆರ್ ಸ್ಮೈಲಿಂಗ್."

ಸುಳ್ಳಿಗೆ ನನ್ನ ಹತ್ತಿರ ಎಂದೂ ಬರಗಾಲವಿಲ್ಲ. ಬೆಳಕಿನ ದೋಷ ಎನ್ನಬಹುದಿತ್ತು, ಹಳೆಯ ಫೋಟೋ ಎನ್ನಬಹುದಿತ್ತು. ಆದರೆ ಅವಳ ತುಟಿಯ ಮೇಲಿನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ.

"ಎಚ್ಚರ ಇದ್ದೆಯೇನು?" ಎಂದು ಕೇಳಿದೆ.

"ಹ್ಞೂಂ. ಬರೀ ಲೋಕಲ್ ಇಂಜೆಕ್ಷನ್. ಒಬ್ಬ ನರ್ಸ್ ಕೈ ಹಿಡಕೊಂಡಿದ್ಲು. ಪೂರ್ತಿ ಟೈಮ್ ಅಕಿ ಕ್ಯಾರವಾನ್ ಬಗ್ಗೆ ಹೇಳಿದ್ಲು. ಕ್ಯಾರವಾನ್‌ನಾಗ ಟಾಯ್ಲೆಟ್ ಹೆಂಗ್ ಖಾಲಿ ಮಾಡೂದು ಅಂತ ನಂಗೀಗ ಗೊತ್ತು." ನಗಲು ಹೋಗಿ, ಹೊಟ್ಟೆ ಹಿಡಿದುಕೊಂಡು ನಿಲ್ಲಿಸಿದಳು. "ಟೆಲ್ ಮಿ, ಅಪ್ಪ. ಖರೇ ಹೇಳು. ಬಸ್ ಬ್ಯಾಡ."

ಹೇಳಿದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಬೇಕು. ಹಲಗೆ ಕೈಗೆ ಬಂದ ಕ್ಷಣದಲ್ಲಿಯೇ ಓದಿದ್ದೆ. ಡೋರೀನಳ ಕೈಗವಸು ಎರಡೇ ನಿಮಿಷದಲ್ಲಿ ಸಿಕ್ಕಿತು, ಅವಳ ಟೋಪಿಯೊಳಗೇ ಇತ್ತು. ಅವಳು ಕೈ ಚಾಚಿದಾಗ, "ಇರಲಿ, ನಿಮಗೆ ಚಳಿ, ನಾನೇ ಹಿಡಿದಿರುತ್ತೇನೆ" ಎಂದವನು ನಾನು. ಒಳ್ಳೆಯ ಹೆಂಗಸು. ನನ್ನ ಮುಖವನ್ನೇ ನೋಡಿ, "ಒಳಗೆ ನಿಮ್ಮವರು ಯಾರಾದರೂ ಇದ್ದಾರೆಯೇ ಡಿಯರ್?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಭಾಷಣವಿಲ್ಲ. ನೇರಳೆ ಹುಡುಗಿ ನಾಚಿಕೆಯಾಗುವುದಿಲ್ಲವೇ ಎಂದಾಗ ಸಾರಿ ಎಂದೆ, ನನ್ನ ಒಟ್ಟು ಇಂಗ್ಲಿಷು ಅಷ್ಟೇ. ಫೋನು ನಡುಗಿದ್ದು ನಾಲ್ಕು ಸಲ, ಎಣಿಸಿದ್ದೆ. ಎದುರಿಗೆ ಮೊದಲ ಮಹಡಿಯ ಕಿಟಕಿ ಕಾಣುತ್ತಿತ್ತು. ಒಳಗೆ ಹೋದರೆ ಸೈನು ಮಾಡಬೇಕು, ಸೈನು ಮಾಡಿದರೆ ಇದು ನಿಜವಾಗಿಯೂ ನಡೆಯುತ್ತಿದೆ ಎಂದಾಗುತ್ತದೆ, ಇಲ್ಲಿ ನಿಂತಿದ್ದರೆ ನಾನು ಇನ್ನೊಬ್ಬರ ಸಾಮಾನು ಹಿಡಿದ ಪ್ರಯಾಣಿಕ. ಆಗ ಕೃಷ್ಣಪ್ರಸಾದ ಬಂದ. ಕೈ ಬೀಸಿ ಹೋಗಲಿಲ್ಲ. "ಅರೆ, ಏನ್ ಸಾರ್, ನೀವಿಲ್ಲಿ!" ಎಂದ. ಅವನು ಕ್ಲಿನಿಕ್ಕಿನ ಕಡೆ ನೋಡಿದ, ನಾನು ಅವನು ನೋಡಿದ್ದನ್ನು ನೋಡಿದೆ. ನನ್ನ ಮಗಳು ಒಳಗಿದ್ದಾಳೆ ಎನ್ನಬೇಕಾಗಿರಲಿಲ್ಲ, ಅದು ಅವಳು ಹೇಳಬೇಕಾದ ಮಾತು; ಡೆಂಟಿಸ್ಟು, ಪಾರ್ಕಿಂಗು, ಏನನ್ನಾದರೂ ಹೇಳಿ ನಡೆದುಬಿಡಬಹುದಿತ್ತು. ನಾನು ಹಲಗೆಯನ್ನು ಇನ್ನಷ್ಟು ಮೇಲೆತ್ತಿದೆ. "ಏನೋ ನಮ್ಮ ಕೈಲಾದ ಸೇವೆ," ಎಂದೆ. "ಸೂಪರ್ ಸಾರ್, ಸ್ವಲ್ಪ ನಗಿ," ಎಂದ. ನಕ್ಕೆ.

"ನೋಡಿದವರು ನನ್ನ ಬಗ್ಗೆ ಒಳ್ಳೇದು ತಿಳೀಲಿ ಅಂತ," ಎಂದೆ. "ಅಷ್ಟಕ್ಕ."

ಅವಳು ಹೊರಗೆ ನೋಡಿದಳು. ಗಾಜಿನಾಚೆ ಸಾಸ್‌ಪ್ಯಾನಿನ ಹುಡುಗಿ ಡೋರೀನಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಬಸ್ಸು ಕಾಯುತ್ತಿದ್ದಳು. ಇಬ್ಬರೂ ಒಂದೇ ಬಸ್ಸಿನವರು ಎಂದು ಕಾಣುತ್ತದೆ.

"ಅದು ಸರಿ ಅನಸ್ತದೇನು ನಿನಗ?" ಎಂದು ಕೇಳಿದಳು. "ಬೋರ್ಡ್ ಮ್ಯಾಲೆ ಬರದದ್ದು? ಆನೆಸ್ಟ್ಲಿ."

"ಗೊತ್ತಿಲ್ಲವ್ವ," ಎಂದೆ. ಅದೂ ನಿಜವೇ. "ಐವತ್ತು ನಿಮಿಷ ಅದನ್ನ ಹಿಡಕೊಂಡು ನಿಂತಿದ್ದೆ. ಅದರ ಬಗ್ಗೆ ಒಂದ್ ಸಲನೂ ವಿಚಾರ ಮಾಡಲಿಲ್ಲ. ನಿನ್ನ ಬಗ್ಗೆನೂ ಮಾಡಲಿಲ್ಲ. ನನ್ನ ಬಗ್ಗೆ ಮಾಡಾಕತ್ತಿದ್ದೆ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಪಡಸಾಲೆಯ ಫೋಟೋದ ಬೆಳ್ಳಿ ಫಲಕವೂ ನನ್ನದಲ್ಲ ಎಂದೆ. ಗೆದ್ದವನು ಶೇಖರಪ್ಪ, ಚಹಾ ಕುಡಿದು ಬರುತ್ತೇನೆ, ಸ್ವಲ್ಪ ಹಿಡಿ ಎಂದಿದ್ದ. ಫೋಟೋದವನು ಅಷ್ಟರಲ್ಲಿ ಬಂದ. ನೀಲವ್ವ ಆ ಸ್ಪರ್ಧೆಯ ದಿನ ಸಭೆಯಲ್ಲಿ ಮೂರನೆಯ ಸಾಲಿನಲ್ಲಿದ್ದಳು.

"ಓ ಮೈ ಗಾಡ್, ಅಪ್ಪ," ಎಂದಳು ಸೌಂದರ್ಯಾ, ಕಣ್ಣೊರೆಸಿಕೊಂಡು. ಅದು ನಗೆಯೋ ಇನ್ನೊಂದೋ ನಾನು ಕೇಳಲಿಲ್ಲ. ಅವಳು ಫೋನನ್ನು ಮಗುಚಿ ಇಟ್ಟಳು. "ಹಸಿವ್ಯಾಗೇದ. ಆ ಡಬ್ಬಿ ಕೊಡು."

ಕೊಟ್ಟೆ. ಮುಚ್ಚಳ ತೆಗೆದಳು. ಹನ್ನೆರಡು ಹಿಡಿಯುವ ಡಬ್ಬಿಯಲ್ಲಿ ಎರಡು ಉಂಡೆಗಳು ಆಚೀಚೆ ಉರುಳಿದವು.

"ಡೋರೀನ್‌ಗ ಎಷ್ಟ್ ಕೊಟ್ಟಿ?"

"ಯಾರಿಗೂ ಕೊಡಲಿಲ್ಲ," ಎಂದೆ. "ಅಂಜಿಕಿ ಆಗಿತ್ತು. ಹತ್ತೂ ನಾನೇ ತಿಂದೆ."